ದೀರ್ಘಸೂತ್ರತೆ: ಆಕ್ಸ್‌ಫರ್ಡಿನ ಮೂವರ ಕಥೆ

ನಮ್ಮ ಕಡೆಯ ಕೆಲವು ಊರುಗಳಲ್ಲಿ ಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುವ ವಾಡಿಕೆಯುಂಟು. ರಾತ್ರಿ ಬಂದ ಮಾರಿ ಅದನ್ನು ಓದಿಕೊಂಡು ಹಿಂದಿರುಗಬೇಕು. ಮರುದಿನ ಬಂದರೂ ಅದೇ ಬರೆಹ. ಮಾರಿಗಾಗಿ ಹೂಡಿದ ಈ ಉಪಾಯವನ್ನು ವಿದ್ಯಾರ್ಥಿಗಳು ತಮ್ಮ ಪಾಠಗಳ ಮೇಲೆ ಪ್ರಯೋಗಿಸುವುದುಂಟು. ದೀರ್ಘಸೂತ್ರತೆಯೆಂದು ಸಂಸ್ಕೃತದಲ್ಲಿ ಇದಕ್ಕೆ ಹೆಸರು. ಇದನ್ನು ನಿಂದಿಸುವ ಅಧಿಕಾರ ನನಗೆ ವಿಶೇಷವಾಗಿ ಇಲ್ಲವೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಈ ಭಾಷಣಕ್ಕೆ ಮಾತು ಕೊಟ್ಟು ಮೂರು ವಾರಗಳಾದುವು. ಬರೆಯಲು ಕುಳಿತುದು ನಿನ್ನೆ ರಾತ್ರಿ. ಆದುದರಿಂದ ಉಪದೇಶವನ್ನು ಬಿಟ್ಟು, ಒಂದೇ ಊರಿನಲ್ಲಿ ಓದಿದ ಮೂವರ ಕಥೆಯನ್ನು ಹೇಳುತ್ತೇನೆ.

ಹದಿನೆಂಟನೆಯ ಶತಮಾನದ ಆಕ್ಸ್‌ಫರ್ಡಿನ ಕಾಲೇಜುಗಳು ಕ್ರೈಸ್ತಧರ್ಮದ ನೆರಳಿನಲ್ಲಿಯೇ ನಡೆಯುತ್ತಿದ್ದುವು. ಸೇರುವ ಹುಡುಗನು ಇಂಗ್ಲೆಂಡಿನ ಚರ್ಚಿನ 39 ಧರ್ಮಸೂತ್ರಗಳಿಗೆ ರುಜು ಹಾಕಬೇಕು; ಕಾಲೇಜಿನ ಪ್ರಾರ್ಥನಾಮಂದಿರಕ್ಕೆ ತಪ್ಪದೆ ಹೋಗಬೇಕು; ಪಾಠ ಹೇಳುವವರಲ್ಲಿ ಬಹುಮಂದಿ ಪಾದ್ರಿಗಳು. ದೇವರಿಗೆ ಎಷ್ಟು ಹೊತ್ತು, ಪುಸ್ತಕಕ್ಕೆ ಎಷ್ಟು, ಗೆಳೆಯರಿಗೆ ಎಷ್ಟು, ನಿದ್ದೆಗೆ ಎಷ್ಟು ಎಂಬ ಲೆಕ್ಕ ಅಲ್ಲಿ ಓದುವವನನ್ನು ಬಿಡುತ್ತಿರಲಿಲ್ಲ.

1728ರ ಅಕ್ಟೋಬರಿನಲ್ಲಿ ಪೆಂಬ್ರೋಕ್ ಕಾಲೇಜಿಗೆ ಸ್ಯಾಮ್ಯುಯಲ್ ಜಾನ್ಸನ್ ಎಂಬ 19 ವರ್ಷದ ಹುಡುಗನು ಬಂದನು. ಅವನು ಲಿಚ್‌ಫೀಲ್ಡಿನ ಬಡ ಪುಸ್ತಕವ್ಯಾಪಾರಿಯೊಬ್ಬನ ಮಗ. ಮೊದಲ ದಿನ ಉಪಾಧ್ಯಾಯನ ಬಳಿಗೆ ಹೋದವನು ಆಮೇಲೆ ನಾಲ್ಕು ದಿನ ಮುಖ ತೋರಿಸಲಿಲ್ಲ. ಏಕೆ ಬರಲಿಲ್ಲವೆಂದು ಕೇಳಿದರೆ, ಕ್ರೈಸ್ಟ್‌ಚರ್ಚಿನ ಹುಲ್ಲುಗಾವಲಿನಲ್ಲಿ ಮಂಜಿನ ಗಡ್ಡೆಯ ಮೇಲೆ ಜಾರಿ ಆಡುತ್ತಿದ್ದೆನೆಂದು ನಿರ್ಭಯವಾಗಿ ಹೇಳಿದನಂತೆ. ಮತ್ತೊಮ್ಮೆ ಪಾಠಕ್ಕೆ ತಪ್ಪಿಸಿಕೊಂಡಾಗ ಆ ಉಪಾಧ್ಯಾಯನೇ ಕರೆಸಿ, ಕುಡಿಯಲು ದ್ರಾಕ್ಷಾರಸವನ್ನು ಕೊಟ್ಟು, ‘ನಿನ್ನ ಮೇಲೆ ನನಗೆ ಕೋಪವಿಲ್ಲ’ ಎಂದನು. ಬೈಗುಳಕ್ಕೆ ಸಿದ್ಧನಾಗಿ ಹೋಗಿದ್ದ ಹುಡುಗನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಆಗುವಂತಿರಲಿಲ್ಲ.

ಕಾಲೇಜಿನ ಬಾಗಿಲಲ್ಲಿ ಹುಡುಗರನ್ನು ಗುಂಪುಗೂಡಿಸಿಕೊಂಡು ನಗಿಸುತ್ತ ಕಾಲ ಕಳೆಯುತ್ತಿದ್ದ ಇವನನ್ನು ಜನ ಉಲ್ಲಾಸಿಯೆಂದೇ ತಿಳಿದರು. ಒಳಗಿದ್ದುದು ಬಡತನದ ಕಹಿಯೆಂದು ಅವನೇ ಮುಂದೆ ಹೇಳಿಕೊಂಡಿದ್ದಾನೆ. ಪಕ್ಕದ ಕಾಲೇಜಿನಲ್ಲಿದ್ದ ಗೆಳೆಯನಿಂದ ಅಲ್ಲಿಯ ಪಾಠಗಳನ್ನು ಕೇಳಿಕೊಂಡು ಬರುತ್ತಿದ್ದನು. ಹರಿದ ಪಾದರಕ್ಷೆಯಿಂದ ಕಾಲು ಕಾಣುತ್ತಿರುವುದನ್ನು ಅಲ್ಲಿಯವರು ಗಮನಿಸಿದರೆಂದು ತಿಳಿದೊಡನೆ ಹೋಗುವುದನ್ನೇ ಬಿಟ್ಟನು. ಯಾರೋ ಕನಿಕರದಿಂದ ಅವನ ಕೊಠಡಿಯ ಬಾಗಿಲಲ್ಲಿ ಹೊಸ ಜೋಡನ್ನು ಇಟ್ಟುಹೋದರೆ, ಸಿಟ್ಟಿನಿಂದ ಎತ್ತಿ ಎಸೆದನು. ಮರುವರ್ಷದ ಡಿಸೆಂಬರಿನಲ್ಲಿ ಹಣವಿಲ್ಲದೆ, ಪದವಿಯಿಲ್ಲದೆ ಊರಿಗೆ ಹಿಂದಿರುಗಿದನು. ಪಾಠಕ್ಕೆ ಬಾರದವನನ್ನು ಸೋಮಾರಿಯೆಂದು ಪಟ್ಟಿಯಲ್ಲಿ ಗುರುತು ಮಾಡುವುದು ಸುಲಭ. ಅವನ ಕಾಲಿನ ಜೋಡನ್ನು ನೋಡುವವರು ಎಷ್ಟು ಮಂದಿ?

ಆ ವರ್ಷದ ಒಂದು ಸಂಗತಿ ಮಾತ್ರ ಅವನ ಬಾಳಿಗೆಲ್ಲ ಅಂಟಿಕೊಂಡಿತು. ವಿಲಿಯಂ ಲಾ ಎಂಬಾತನು, ಕ್ರೈಸ್ತನಾದವನು ದಿನದ ಪ್ರತಿಯೊಂದು ಕೆಲಸವನ್ನೂ ದೇವರಿಗಾಗಿಯೇ ಮಾಡಬೇಕೆಂದು ಒತ್ತಿ ಹೇಳುವ ಗ್ರಂಥವೊಂದನ್ನು ಬರೆದಿದ್ದನು. ನಗುವುದಕ್ಕೆ ಏನಾದರೂ ಸಿಕ್ಕೀತೆಂದು ಜಾನ್ಸನ್ನನು ಅದನ್ನು ಕೈಗೆತ್ತಿಕೊಂಡನು. ಗ್ರಂಥವೇ ಅವನನ್ನು ಸೋಲಿಸಿತು. ಅಂದಿನಿಂದ ಕಾಲವನ್ನು ಕಳೆದುದಕ್ಕೆಲ್ಲ ದೇವರಿಗೆ ಉತ್ತರ ಹೇಳಬೇಕೆಂಬ ಭಯ ಅವನನ್ನು ಬಿಡಲಿಲ್ಲ. ವಿಳಂಬವೂ ಬಿಡಲಿಲ್ಲ. 1746ರಲ್ಲಿ ಮೂರು ವರ್ಷದಲ್ಲಿ ಮುಗಿಸುವೆನೆಂದು ಹೊರಟ ಇಂಗ್ಲಿಷ್ ನಿಘಂಟು 1755ರಲ್ಲಿ ಹೊರಬಂದಿತು. ಇದನ್ನು ಮನ್ನಿಸಬಹುದು, ಅದು ಪರ್ವತದಂತಹ ಕೆಲಸ. ಆದರೆ 1757ರ ಕ್ರಿಸ್‌ಮಸ್ಸಿಗೆ ಕೊಡುವೆನೆಂದು ಚಂದಾ ಎತ್ತಿದ ಷೇಕ್ಸ್‌ಪಿಯರನ ನಾಟಕಗಳ ಸಂಪಾದನೆ 1765ರವರೆಗೆ ಬರಲಿಲ್ಲ. ಹಣ ಕೊಟ್ಟವರ ಪುಸ್ತಕವೆಲ್ಲಿ ಎಂದು ಕವಿಯೊಬ್ಬನು ಬಹಿರಂಗವಾಗಿ ಹಾಸ್ಯಮಾಡಿದನು. ಇನ್ನೂ ಒಂದು ಸ್ವಾರಸ್ಯವುಂಟು. ವಾರಕ್ಕೆರಡು ಬಾರಿ ಬರುತ್ತಿದ್ದ ‘ರ‍್ಯಾಂಬ್ಲರ್’ ಪತ್ರಿಕೆಗೆ 1751ರಲ್ಲಿ ಅವನು ದೀರ್ಘಸೂತ್ರತೆಯನ್ನು ಕುರಿತೇ ಒಂದು ಪ್ರಬಂಧವನ್ನು ಬರೆದನು. ಅದನ್ನು ಬರೆದುದು ಅಚ್ಚುಕೂಟದ ಹುಡುಗನು ಕಾದು ನಿಂತಿದ್ದಾಗ, ಅವಸರ ಅವಸರವಾಗಿ ಎಂದು ಅವನ ಸ್ನೇಹಿತೆ ಥ್ರೇಲ್ ಎಂಬಾಕೆ ಬರೆದಿಟ್ಟಿದ್ದಾಳೆ.

ಅವನ ಪ್ರಾರ್ಥನೆಗಳ ಪುಸ್ತಕ ಅವನು ತೀರಿಕೊಂಡ ಮೇಲೆ ಅಚ್ಚಾಯಿತು. ಅದರಲ್ಲಿ ವರ್ಷವರ್ಷವೂ ಅದೇ ಸಂಕಲ್ಪ: ಬೇಗ ಏಳಬೇಕು. ಒಂದು ಕಡೆ ಎಂಟು ಗಂಟೆಗೆ ಏಳುವೆನೆಂದು ಬರೆದು, ಎಂಟು ಬೇಗವೇನೂ ಅಲ್ಲ, ಆದರೆ ಎಷ್ಟೋ ದಿನ ಮಧ್ಯಾಹ್ನ ಎರಡರವರೆಗೆ ಮಲಗಿರುವವನಿಗೆ ಬೇಗವೇ ಎಂದು ಸಮಾಧಾನ ಹೇಳಿಕೊಂಡಿದ್ದಾನೆ. ಇದನ್ನು ಓದುವಾಗ ನಗು ಬರುತ್ತದೆ. ಇಷ್ಟು ಬಾರಿ ಮುರಿದ ಮೇಲೂ ಮತ್ತೆ ಏಕೆ ಸಂಕಲ್ಪ ಮಾಡಬೇಕೆಂದು ತನ್ನನ್ನೇ ಕೇಳಿಕೊಂಡು, ಆಶೆಯನ್ನು ಬಿಡುವುದು ಅದಕ್ಕಿಂತ ದೊಡ್ಡ ಅಪರಾಧವೆಂದು ಉತ್ತರ ಕೊಟ್ಟುಕೊಂಡಿರುವುದನ್ನು ನೋಡಿದಾಗ ನಗು ನಿಲ್ಲುತ್ತದೆ.

ಎರಡನೆಯವನು ಜಾನ್ ವೆಸ್ಲಿ. ಮೈಸೂರಿನವರಿಗೆ ಈ ಹೆಸರು ಹೊಸದಲ್ಲ. ವೆಸ್ಲಿಯನ್ ಮಿಷನ್ನಿನ ಅಚ್ಚುಕೂಟದಿಂದ ಎಷ್ಟೋ ಕನ್ನಡ ಪುಸ್ತಕಗಳು ಹೊರಬಂದುವು. ಈತನು ಕ್ರೈಸ್ಟ್‌ಚರ್ಚಿನಲ್ಲಿ ಓದಿ, 1726ರಲ್ಲಿ ಲಿಂಕನ್ ಕಾಲೇಜಿನ ಸದಸ್ಯನಾದನು. ಲಾನ ಗ್ರಂಥ ಈತನನ್ನೂ ಹಿಡಿಯಿತು. ಆದರೆ ಈತನ ಕೈಗೆ ಸಿಕ್ಕಿದ ಉಪದೇಶ ಕೂಡಲೇ ವೇಳಾಪಟ್ಟಿಯಾಗುತ್ತಿತ್ತು. ಈತನೂ ಈತನ ತಮ್ಮನೂ ಕೆಲವರು ಗೆಳೆಯರೂ ಸೇರಿ ಗ್ರೀಕ್ ಹೊಸ ಒಡಂಬಡಿಕೆಯನ್ನು ಓದುವರು. ವಾರಕ್ಕೆರಡು ದಿನ ಉಪವಾಸ ಮಾಡುವರು. ಸೆರೆಮನೆಗೆ ಹೋಗಿ ಕೈದಿಗಳನ್ನು ಕಾಣುವರು. ಗಂಟೆಗಂಟೆಗೂ ತಮ್ಮ ಮನಸ್ಸನ್ನು ಪರೀಕ್ಷಿಸಿಕೊಳ್ಳುವರು. ಕ್ರಮಕ್ಕೆ ಕಟ್ಟುಬಿದ್ದ ಇವರನ್ನು ಉಳಿದ ವಿದ್ಯಾರ್ಥಿಗಳು ‘ಮೆಥಡಿಸ್ಟ್’ ಎಂದು ಹಂಗಿಸಿದರು. ಹಂಗಿಸಿದ ಹೆಸರೇ ನಿಂತಿತು.

ನಿದ್ದೆಯ ವಿಷಯದಲ್ಲಿ ವೆಸ್ಲಿ ಮಾಡಿದ ಪ್ರಯೋಗವು ಹೇಳತಕ್ಕದ್ದು. ಪ್ರತಿ ರಾತ್ರಿಯೂ ನಡುವೆ ಎಚ್ಚರವಾಗುತ್ತಿದ್ದಿತು. ಹಾಗಾದರೆ ದೇಹಕ್ಕೆ ಬೇಕಾದುದಕ್ಕಿಂತ ಹೆಚ್ಚು ಹೊತ್ತು ಮಲಗುತ್ತಿರಬೇಕೆಂದು ಊಹಿಸಿ, ಅಲಾರಂ ಗಡಿಯಾರವನ್ನು ತಂದು ಮೊದಲ ದಿನ ಏಳು ಗಂಟೆಗೆ ಎದ್ದನು. ಆ ರಾತ್ರಿಯೂ ಎಚ್ಚರ. ಮರುದಿನ ಆರು, ಅದರ ಮರುದಿನ ಐದು. ನಾಲ್ಕನೆಯ ದಿನ ನಾಲ್ಕು ಗಂಟೆಗೆ ಎದ್ದನು. ಆ ರಾತ್ರಿ ನಿದ್ದೆ ಮುರಿಯಲಿಲ್ಲ. ಅಂದಿನಿಂದ ಮುಪ್ಪಿನವರೆಗೂ ನಾಲ್ಕೇ ಗಂಟೆ. ಎಲ್ಲರೂ ನಾಲ್ಕಕ್ಕೇ ಏಳಬೇಕೆಂದು ಇದರಿಂದ ತಿಳಿಯಬಾರದು. ತನಗೆ ಬೇಕಾದ ನಿದ್ದೆಯೆಷ್ಟು ಎಂಬುದನ್ನು ಆತನು ಯಾರನ್ನೂ ಕೇಳದೆ ತನ್ನ ದೇಹವನ್ನೇ ಕೇಳಿದನು. ಜಾನ್ಸನ್ನನು ಸಂಕಲ್ಪವನ್ನು ದೇವರ ಮುಂದೆ ಮಾಡಿದನು, ವೆಸ್ಲಿ ಗಡಿಯಾರದ ಮುಂದೆ ಮಾಡಿದನು ಎನ್ನೋಣವೇ? ತುಂಟತನದ ಮಾತಾಯಿತು, ಪೂರ್ತಿ ಸುಳ್ಳೂ ಅಲ್ಲ.

ಈ ಗುಂಪಿಗೆ ಬಂದು ಸೇರಿದವನು ಜಾರ್ಜ್ ವಿಟ್‌ಫೀಲ್ಡ್. 1732ರಲ್ಲಿ, ಜಾನ್ಸನ್ನನು ಬಿಟ್ಟುಹೋದ ಅದೇ ಪೆಂಬ್ರೋಕಿಗೆ, ಸಿರಿವಂತ ವಿದ್ಯಾರ್ಥಿಗಳ ಊಳಿಗ ಮಾಡಿ ಓದುವ ಬಡ ಹುಡುಗನಾಗಿ ಬಂದನು. ವೆಸ್ಲಿಯ ಶಿಸ್ತು ಅವನಿಗೆ ಸಾಲಲಿಲ್ಲ. ಒರಟು ರೊಟ್ಟಿಯನ್ನು ತಿಂದನು. ಸಕ್ಕರೆಯಿಲ್ಲದ ಸೊಪ್ಪಿನ ಕಷಾಯವನ್ನು ಕುಡಿದನು. ಮೈ ಕೊರೆಯುವ ಚಳಿಯಲ್ಲಿ ಹೊರಗೆ ನಿಂತು ಕೈ ಕಪ್ಪಾಗಿಸಿಕೊಂಡನು. ಕೊನೆಗೆ ಉಪಾಧ್ಯಾಯನು ಕೊಟ್ಟ ಪ್ರಬಂಧದಲ್ಲಿ ಒಂದಕ್ಷರವನ್ನೂ ಬರೆಯಲಾರದೆ ಹೋದನು. ಕುಳಿತರೆ ಕೈ ಓಡದು. ದಂಡ ಬಿದ್ದಿತು. ದೇವರಿಗೆ ಕೊಟ್ಟ ಕಾಲದಲ್ಲಿ ಪಾಠಕ್ಕೂ ಪಾಲುಂಟೆಂಬುದು ಆ ಹುಡುಗನಿಗೆ ತೋರಲಿಲ್ಲ. ಹೊರಗಿನಿಂದ ನೋಡಿದವರಿಗೆ ಅವನ ಬರಿಯ ಹಾಳೆಗೂ ಮಂಜಿನ ಮೇಲೆ ಜಾರಲು ಹೋದ ಜಾನ್ಸನ್ನನ ಬರಿಯ ಪೀಠಕ್ಕೂ ಏನು ವ್ಯತ್ಯಾಸ?

ಇಲ್ಲಿಯೂ ಒಬ್ಬ ಉಪಾಧ್ಯಾಯನೇ ಕಾಪಾಡಿದನು. ದಂಡ ಹಾಕಿದ ಮೇಲೆ ಹುಡುಗನನ್ನು ಬೇರೆಯಾಗಿ ಕರೆದು, ‘ನಿನಗೇನಾದರೂ ಕಷ್ಟ ಬಂದಿದೆಯೇ?’ ಎಂದು ವಿಚಾರಿಸಿದನು. ಹುಡುಗನು ಅತ್ತುಬಿಟ್ಟನು. ಇವನಿಗೆ ಚಿತ್ತಭ್ರಮೆಯೆಂದೇ ಆ ಉಪಾಧ್ಯಾಯನು ತಿಳಿದನು, ಹಾಗೆಂದು ಕೈಬಿಡಲಿಲ್ಲ. ಪುಸ್ತಕ ಕೊಟ್ಟನು, ಹಣ ಕೊಟ್ಟನು. 1735ರ ಉಪವಾಸಕಾಲದಲ್ಲಿ ವಿಟ್‌ಫೀಲ್ಡನು ಹಾಸಿಗೆ ಹಿಡಿದಾಗ ವೈದ್ಯನನ್ನು ಕಳುಹಿಸಿದನು. ಏಳು ವಾರ ಮಲಗಿ ಎದ್ದವನು ಮುಂದೆ ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಬಯಲಿನಲ್ಲಿ ಸಾವಿರಾರು ಜನಕ್ಕೆ ಬೋಧಿಸಿದ ಮಹಾ ವಾಗ್ಮಿಯಾದನು.

ವೆಸ್ಲಿಯ ಗಡಿಯಾರಕ್ಕೆ ಸೋಲಿರಲಿಲ್ಲವೆಂದು ನೀವು ಹೇಳಬಹುದು. ಜಾನ್ಸನ್ನನ ಆಕ್ಷೇಪಣೆ ಇದ್ದುದು ಅಲ್ಲಿಯೇ. ವೆಸ್ಲಿಯ ಮಾತು ಬಹಳ ಸೊಗಸು, ಆದರೆ ಅವನಿಗೆ ಎಂದೂ ಬಿಡುವಿಲ್ಲ. ಇಂತಹ ಗಂಟೆಗೆ ಎಂದರೆ ಎದ್ದು ಹೊರಟೇಬಿಡುವನು. ಕಾಲು ಮಡಿಸಿ ಕುಳಿತು ಮಾತನ್ನು ಮುಗಿಸಬೇಕೆನ್ನುವ ತನ್ನಂಥವನಿಗೆ ಇದು ಸಹಿಸದು ಎಂದು ಅವನು ಗೊಣಗುತ್ತಿದ್ದನು. ತಾನು ಪೋಲುಮಾಡಿದ ಗಂಟೆಗಳಿಗಾಗಿ ಪಶ್ಚಾತ್ತಾಪಪಟ್ಟವನೇ ಸ್ನೇಹಕ್ಕೆ ಗಂಟೆಗಳ ಲೆಕ್ಕ ಇಡಬಾರದೆಂದನು. ಅವನ ಪಕ್ಷದಲ್ಲಿಯೂ ನ್ಯಾಯವಿದೆಯೆಂದು ನನಗೆ ತೋರುತ್ತದೆ.

1783ರ ಡಿಸೆಂಬರ್ 18ರಂದು ವೆಸ್ಲಿ ಜಾನ್ಸನ್ನನನ್ನು ಕಾಣಲು ಹೋದನು. ಆಗ ವೆಸ್ಲಿಗೆ 80 ವರ್ಷ, ಜಾನ್ಸನ್ನನಿಗೆ 74. ಜಾನ್ಸನ್ನನು ಮೆಲ್ಲಮೆಲ್ಲನೆ ಕುಗ್ಗುತ್ತಿದ್ದನು. ಮುಂದಿನ ಡಿಸೆಂಬರನ್ನು ಅವನು ದಾಟಲಿಲ್ಲ. ಎಂದೂ ಬಿಡುವಿಲ್ಲದ ವೆಸ್ಲಿಯ ದಿನಚರಿಯಲ್ಲಿ ಆ ದಿನದ ಲೆಕ್ಕ ಉಳಿದಿದೆ: ಅವನ ಬಳಿ ಎರಡು ಗಂಟೆಗಳ ಕಾಲ ಕುಳಿತಿದ್ದನು.