ಹೊಳೆಗಿಳಿದ ಹೆಜ್ಜಾರ್ಲೆ



ಆಳಂದದ ಕಡೆಯಿಂದ ಹರಿದುಬರುವ ಅಮರ್ಜೆ ಅಫಜಲಪುರ ತಾಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತಾಳೆ. ಭೀಮೆ ಮುಂದೆ ಜೇವರ್ಗಿಯತ್ತ ಸಾಗುತ್ತಾಳೆ. ಚೈತ್ರದಲ್ಲಿ ಹೊಳೆ ಸೊರಗಿದಾಗ ಮೀನು ಮಡುಗಳಲ್ಲಿ ಒತ್ತೊತ್ತಾಗಿ ಸೇರುತ್ತದೆ. ಅಂಥ ಮಡುವಿಗೆ ಹೆಜ್ಜಾರ್ಲೆ ಇಳಿದರೆ, ಕೊಕ್ಕಿನ ಚೀಲದಲ್ಲಿ ಮೀನನ್ನು ನೀರಿನೊಡನೆ ಮೊಗೆದು, ನೀರನ್ನು ಬಸಿದು, ಬಳಿಕ ನುಂಗುತ್ತದೆ. ಆಗ ನಾವು ಕ್ಯಾಮೆರಾ ಹಿಡಿದು ನುಗ್ಗಿದರೆ ಅದು ಸುಮಾರು 5 ಕಿಲೋ ತೂಕದ ಒಡಲನ್ನೆತ್ತಿಕೊಂಡು ಹಾರಬೇಕು. ಉಣಿಸೂ ತಪ್ಪಿತು, ಬಲವೂ ವ್ಯಯವಾಯಿತು.

ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆಗಳನ್ನು 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಹೊರಲೋಕಕ್ಕೆ ಪರಿಚಯಿಸಿದರು. ಅಲ್ಲಿ ಅವು ಮನೆಗಳ ನಡುವಣ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವೆ. ಜನರು ಬೆದರಿಸರು, ಹಕ್ಕಿಗಳು ಬೆದರವು. ಆ ನಂಬಿಕೆ ತಲೆಮಾರುಗಳ ಗಳಿಕೆ. ನಮ್ಮ ಹೊಳೆಯಲ್ಲಿ ಅದನ್ನು ಗಳಿಸುವವರೆಗೆ ದಡದ ಮರೆಯಲ್ಲಿ, ದೂರದಲ್ಲಿ, ಸುಮ್ಮನೆ ಕುಳಿತಿರೋಣ. ಹಕ್ಕಿ ಉಣ್ಣುತ್ತಿರುವಾಗಲೇ ಮೂಡಿದ ಚಿತ್ರ ಚಿಕ್ಕದಾದರೂ ಚೆಲುವಾದುದು.