ಕೆರೆ ಎರಡಾದಾಗ ಕಾಲುವೆ ಕಾಯುವವರು



ನಮ್ಮಲ್ಲಿ ಅನೇಕರ ಅನ್ನ ಸಾಫ್ಟ್‌ವೇರಿನದು. ಅಲ್ಲಿಯದೇ ಒಂದು ಮಾತು ಹೇಳುತ್ತೇವೆ. ೨೦೨೪ರ ಮಾರ್ಚ್‌ನಲ್ಲಿ ರೆಡಿಸ್ ಡೇಟಾಬೇಸ್ ತನ್ನ ಮುಕ್ತ ಬಿಎಸ್‌ಡಿ ಲೈಸೆನ್ಸ್ ಬಿಟ್ಟು ಬಿಗಿ ನಿಬಂಧನೆಗಳಿಗೆ ಹೊರಳಿತು. ಅದೇ ತಿಂಗಳು ಹಳೆಯ ಲೈಸೆನ್ಸಿನಲ್ಲೇ ವ್ಯಾಲ್‌ಕೀ ಎಂಬ ಕವಲು ಒಡೆಯಿತು. ೨೦೨೫ರಲ್ಲಿ ರೆಡಿಸ್ ಎಜಿಪಿಎಲ್ ಮೂಲಕ ಮುಕ್ತ ದಾರಿಗೆ ಮರಳಿದರೂ ಕವಲು ಕೂಡಲಿಲ್ಲ.

ಡೇಟಾಬೇಸಿಗೂ ನಮ್ಮ ಪ್ರೋಗ್ರಾಮಿಗೂ ನಡುವಿನ ಕಾಲುವೆಯೇ ಕ್ಲೈಂಟ್ ಲೈಬ್ರರಿ. ರೆಡಿಸ್-ಪೈ ಲೈಬ್ರರಿಯ ಎಂಐಟಿ ಲೈಸೆನ್ಸ್ ಬದಲಾಗಲಿಲ್ಲ. ಆದರೆ ಕೆರೆ ಎರಡಾಯಿತು. ಎರಡರಲ್ಲೂ ಪರೀಕ್ಷಿಸಬೇಕು, ಹೊಸ ಕಮಾಂಡುಗಳು ಬೇರೆಯಾದಂತೆ ಎರಡು ಬಗೆಯಾಗಿ ತಿದ್ದಬೇಕು. ಇಂಥ ಎಷ್ಟೋ ಲೈಬ್ರರಿಗಳನ್ನು ಕಾಯುವವರು, ನಮ್ಮ ಸಂಘದ ಕಾರ್ಯಕರ್ತರಂತೆಯೇ, ಆಫೀಸು ಮುಗಿಸಿ ಸಂಬಳವಿಲ್ಲದೆ ದುಡಿಯುವವರು.

ನೀರು ಕುಡಿಯುವ ನಾವು ಹೂಳೆತ್ತಲೂ ಕೈಜೋಡಿಸೋಣ: ಒಂದು ಪರೀಕ್ಷೆ, ಒಂದು ತಿದ್ದುಪಡಿ, ಇಲ್ಲವೇ ಒಂದಿಷ್ಟು ಧನಸಹಾಯ.