ಶಕ್ತಿಪಾನೀಯಗಳಲ್ಲಿ ಶಕ್ತಿಯೆಷ್ಟು?

ಪೇಟೆಯ ದೊಡ್ಡ ಮಳಿಗೆಗಳಲ್ಲಿಯೂ ಹಳ್ಳಿಯ ಗೂಡಂಗಡಿಗಳಲ್ಲಿಯೂ ಈಗ ‘ಎನರ್ಜಿ ಡ್ರಿಂಕ್’ ಎಂಬ ಬಣ್ಣದ ಪಾನೀಯಗಳನ್ನು ನೀವು ಕಂಡಿರಬಹುದು. ಪರೀಕ್ಷೆಯ ಕಾಲ ಬಂದಿತೆಂದರೆ ನಮ್ಮ ಪ್ರೌಢಶಾಲೆಯ ಮಕ್ಕಳ ಕೈಗೂ ಇವು ಬರುತ್ತವೆ. “ಇದನ್ನು ಕುಡಿದರೆ ರಾತ್ರಿಯೆಲ್ಲ ಓದಬಹುದು ಸಾರ್” ಎಂದು ಹತ್ತನೆಯ ತರಗತಿಯ ಬಾಲಕನು ಹೇಳಿದರೆ, ಆ ಮಾತು ಎಷ್ಟರಮಟ್ಟಿಗೆ ನಿಜವೆಂದು ವಿಚಾರಿಸುವುದು ಹಿರಿಯರಾದ ನಮ್ಮ ಹೊಣೆ.

ಇವುಗಳ ಚರಿತ್ರೆ ಬಹಳ ಹಳೆಯದಲ್ಲ. 1970ರ ದಶಕದಲ್ಲಿ ಥಾಯ್ಲೆಂಡಿನ ಕೂಲಿಕಾರರೂ ಲಾರಿ ಚಾಲಕರೂ ಕುಡಿಯುತ್ತಿದ್ದ ಒಂದು ಪಾನೀಯವು, 1987ರಲ್ಲಿ ಆಸ್ಟ್ರಿಯಾದಲ್ಲಿ ಹೊಸ ರೂಪ ತಾಳಿ ಲೋಕವನ್ನೆಲ್ಲ ವ್ಯಾಪಿಸಿತು.

ಇದರಲ್ಲಿರುವ ಮುಖ್ಯ ವಸ್ತುಗಳು ಎರಡು: ಸಕ್ಕರೆ ಮತ್ತು ಕೆಫೀನು. ಕೆಲವು ಡಬ್ಬಿಗಳಲ್ಲಿ ಸಕ್ಕರೆಯೇ 25 ಗ್ರಾಮಿಗೂ ಮಿಕ್ಕಿರುತ್ತದೆ. ಕೆಫೀನು ನಮಗೆ ಹೊಸದಲ್ಲ. ನಾವು ನಿತ್ಯವೂ ಕುಡಿಯುವ ಕಾಫಿಯಲ್ಲಿರುವುದೂ ಅದೇ. ನಾವು ಎಚ್ಚರವಾಗಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಶೇಖರವಾಗುತ್ತ, ವಿಶ್ರಾಂತಿಯ ವೇಳೆಯಾಯಿತೆಂದು ತಿಳಿಸುತ್ತದೆ. ಕೆಫೀನು ಆ ಸಂದೇಶ ಮುಟ್ಟದಂತೆ ಅಡ್ಡ ನಿಲ್ಲುತ್ತದೆ. ದಣಿವು ಇದ್ದಲ್ಲಿಯೇ ಇರುತ್ತದೆ, ಅದರ ಅರಿವು ಮಾತ್ರ ಮಾಯವಾಗುತ್ತದೆ. ಬಳಲಿದ ಎತ್ತಿಗೆ ಬಾರುಕೋಲು ಬೀಸಿದರೆ ನಾಲ್ಕು ಹೆಜ್ಜೆ ನಡೆದೀತು. ಅದರಿಂದ ಮೇವು ಹಾಕಿದಂತಾದೀತೆ?

“ಹಾಗಾದರೆ ಕಾಫಿಯಿಂದ ಆಗದ ಕೇಡು ಇದರಿಂದೇನು?” ಎಂದು ನೀವು ಕೇಳಬಹುದು. ಬಿಸಿ ಕಾಫಿಯನ್ನು ಗುಟುಕುಗುಟುಕಾಗಿ ಕುಡಿಯುತ್ತೇವೆ. ತಣ್ಣಗೆ, ಸಿಹಿಯಾಗಿರುವ ಇದನ್ನು ಒಂದೇ ಉಸಿರಿಗೆ ಬರಿದು ಮಾಡಿ ಇನ್ನೊಂದಕ್ಕೆ ಕೈಚಾಚುವುದು ಸುಲಭ. ಲೆಕ್ಕವನ್ನು ನೋಡಿ: ಲೀಟರಿಗೆ 300 ಮಿಲಿಗ್ರಾಂ ಕೆಫೀನು ಇದ್ದರೆ 250 ಮಿಲಿಲೀಟರಿನ ಒಂದು ಡಬ್ಬಿಯಲ್ಲಿ 75 ಮಿಲಿಗ್ರಾಂ ಆಯಿತು. ಮಕ್ಕಳಿಗೆ ದಿನವೊಂದಕ್ಕೆ ದೇಹತೂಕದ ಕಿಲೋಗ್ರಾಮಿಗೆ 3 ಮಿಲಿಗ್ರಾಮಿನಷ್ಟನ್ನು ಯೂರೋಪಿನ ಆಹಾರ ಸುರಕ್ಷತಾ ಸಂಸ್ಥೆಯು 2015ರಲ್ಲಿ ಮಿತಿಯಾಗಿ ಸೂಚಿಸಿತು. 40 ಕಿಲೋ ತೂಕದ ಹುಡುಗನಿಗೆ ಅದು 120 ಮಿಲಿಗ್ರಾಂ. ಎರಡು ಡಬ್ಬಿಗೆ 150 ಆಯಿತು. ಮನೆಯ ಕಾಫಿ ಬೇರೆ. ಮಿತಿ ಮೀರಿದಾಗ ಎದೆ ಹೊಡೆದುಕೊಳ್ಳುವುದು, ರಕ್ತದೊತ್ತಡ ಏರುವುದು, ಕೈನಡುಕ, ಕಳವಳ ಕಾಣಿಸಿಕೊಳ್ಳಬಹುದು. ಹೃದಯದಲ್ಲಿ ಹೊರಗೆ ತೋರದ ದೋಷವಿದ್ದವರಿಗಂತೂ ಅಪಾಯ ಹೆಚ್ಚು. ಮದ್ಯದೊಡನೆ ಬೆರೆಸಿ ಕುಡಿಯುವವರಿಗೆ ತಮಗೆಷ್ಟು ಅಮಲೇರಿದೆಯೆಂಬುದೇ ತಿಳಿಯದೆ ಹೋಗುತ್ತದೆ.

ವಿದ್ಯಾರ್ಥಿಗೆ ಇನ್ನೊಂದು ನಷ್ಟವುಂಟು. ದೇಹವನ್ನು ಸೇರಿದ ಕೆಫೀನಿನಲ್ಲಿ ಅರ್ಧ ಕಳೆಯಲು ಸಾಮಾನ್ಯವಾಗಿ ಐದು ಗಂಟೆ ಹಿಡಿಯುತ್ತದೆ. ರಾತ್ರಿ ಒಂಬತ್ತಕ್ಕೆ ಕುಡಿದರೆ ಎರಡು ಗಂಟೆಗೂ ಅರ್ಧ ಉಳಿದಿರುತ್ತದೆ. ಓದಿದ್ದು ನೆನಪಿನಲ್ಲಿ ನೆಲೆಗೊಳ್ಳುವುದು ನಿದ್ರೆಯಲ್ಲಿ. ಓದಲೆಂದು ನಿದ್ರೆಯನ್ನು ಮಾರಿಕೊಂಡವನು, ಓದಿದ್ದನ್ನೂ ಅದರ ಜೊತೆಗೆ ಮಾರಿಕೊಂಡಂತೆ.

ಇವು ಮಕ್ಕಳಿಗೂ ಗರ್ಭಿಣಿಯರಿಗೂ ಹಾಲೂಡಿಸುವ ತಾಯಂದಿರಿಗೂ ತಕ್ಕುವಲ್ಲವೆಂಬ ಎಚ್ಚರಿಕೆ ಡಬ್ಬಿಯ ಮೇಲೆಯೇ ಸಣ್ಣಕ್ಷರದಲ್ಲಿರುತ್ತದೆ. ತಂದೆತಾಯಿಗಳೇ, ಅದನ್ನು ಮಕ್ಕಳಿಂದಲೇ ಗಟ್ಟಿಯಾಗಿ ಓದಿಸಿರಿ. ಬಾಯಾರಿದವರಿಗೆ ನೀರು ಮಜ್ಜಿಗೆಗಳುಂಟು; ಹಸಿದವರಿಗೆ ಊಟವುಂಟು. ರಾತ್ರಿ ಹತ್ತಕ್ಕೆ ತೂಕಡಿಸುವ ಹುಡುಗನ ಕೈಯಿಂದ ಪುಸ್ತಕವನ್ನು ತೆಗೆದಿರಿಸಿ, ದೀಪವಾರಿಸಿ ಮಲಗಿಸಿರಿ. ಬೆಳಗಿನ ಐದಕ್ಕೆ ಎಬ್ಬಿಸಿದರಾಯಿತು.